ಹೆಚ್ಚುವರಿ ಗಂಟೆಯ ಬೆಲೆ ತೆರುವವರಾರು?

(ಉದ್ಯೋಗಕ್ಕಾಗಿ ವಿದೇಶಕ್ಕೆ ತೆರಳಲಿರುವ ಯುವಕರ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ದುಡಿಮೆಯ ಕುರಿತು ಚರ್ಚೆಯಾಗುವಾಗಲೆಲ್ಲ ನಮ್ಮಲ್ಲಿ ಒಂದು ಮಾತು ಪದೇ ಪದೇ ಕೇಳಿಬರುತ್ತದೆ. ಜಪಾನೀಯರು ಶ್ರಮಜೀವಿಗಳು, ಜರ್ಮನ್ನರು ಶಿಸ್ತಿನವರು, ಅಮೇರಿಕನ್ನರು ಮಹತ್ವಾಕಾಂಕ್ಷಿಗಳು, ನಾವು ಭಾರತೀಯರು ಮಾತ್ರ ಸೋಮಾರಿಗಳು! ಊರಿನಲ್ಲಿ ಯಾರನ್ನು ನಾವು ಕಟ್ಟೆಯ ಮೇಲೆ ಕುಳಿತು ಕಾಲ ಕಳೆಯುವವನೆಂದು ಜರೆಯುತ್ತೇವೆಯೋ ಅದೇ ಯುವಕ ದುಬೈಗೋ ದಮ್ಮಾಮಿಗೋ ಹೋದರೆ ದಿನಕ್ಕೆ 12 ಗಂಟೆ ದುಡಿಯುತ್ತಾನೆ. ಕೆಲವೇ ಗಂಟೆಗಳ ವಿಮಾನ ಪ್ರಯಾಣದಲ್ಲಿ ಅವನ ಹುಟ್ಟುಗುಣ ಬದಲಾಗಿಬಿಟ್ಟಿತೇ? ಅಥವಾ ಅವನ ಸುತ್ತಲಿನ ನಿಯಮಗಳು ಬದಲಾದವೇ? ಇಂದು ನಾವು ಚರ್ಚಿಸಬೇಕೆಂದಿರುವುದು ಈ ಪ್ರಶ್ನೆಯನ್ನು.

2023ರ ಅಕ್ಟೋಬರ್‌ನಲ್ಲಿ ಇನ್ಫೋಸಿಸ್ ಸಂಸ್ಥಾಪಕರಲ್ಲೊಬ್ಬರಾದ ಎನ್.ಆರ್. ನಾರಾಯಣ ಮೂರ್ತಿಯವರು ದೇಶದ ಯುವಜನರು ವಾರಕ್ಕೆ 70 ಗಂಟೆ ದುಡಿಯಬೇಕೆಂದು ಕರೆಯಿತ್ತರು. ಎರಡನೆಯ ಮಹಾಯುದ್ಧದ ಬಳಿಕ ಜರ್ಮನ್ನರೂ ಜಪಾನೀಯರೂ ಮಾಡಿದ್ದು ಇದನ್ನೇ ಎಂಬುದು ಅವರ ಸಮರ್ಥನೆಯಾಗಿತ್ತು. 2025ರ ಜನವರಿಯಲ್ಲಿ ಎಲ್ ಆ್ಯಂಡ್ ಟಿ ಕಂಪೆನಿಯ ಅಧ್ಯಕ್ಷ ಎಸ್.ಎನ್. ಸುಬ್ರಹ್ಮಣ್ಯನ್ ಅವರು ಈ ಹರಾಜನ್ನು 90 ಗಂಟೆಗೆ ಏರಿಸಿದರು. ರವಿವಾರ ಮನೆಯಲ್ಲಿರುವವರ ಬಗ್ಗೆ ಅವರು ಆಡಿದ ಮಾತನ್ನು ಇಲ್ಲಿ ಪುನರುಚ್ಚರಿಸುವ ಅಗತ್ಯವಿಲ್ಲ. ಪತ್ರಿಕೆಗಳು ಅದನ್ನು ಬೇಕಾದಷ್ಟು ಬಾರಿ ಮುದ್ರಿಸಿವೆ. ಆದರೆ ಜರ್ಮನಿ ಮತ್ತು ಜಪಾನ್‌ಗಳ ಹೆಸರೆತ್ತಿದ ಮೇಲೆ ಆ ದೇಶಗಳಲ್ಲಿ ನಿಜವಾಗಿ ನಡೆದದ್ದೇನೆಂದು ನೋಡಬೇಡವೇ?

ಐವತ್ತರ ದಶಕದ ಆರಂಭದಲ್ಲಿ ಪಶ್ಚಿಮ ಜರ್ಮನಿಯ ಕಾರ್ಮಿಕ ವಾರಕ್ಕೆ ಆರು ದಿನ, 48 ಗಂಟೆ ದುಡಿಯುತ್ತಿದ್ದ. ಯುದ್ಧದಲ್ಲಿ ನೆಲಸಮವಾದ ದೇಶವದು. ಆದರೆ 1956ರ ಮೇ ದಿನದಂದು ಅಲ್ಲಿನ ಕಾರ್ಮಿಕ ಸಂಘಗಳ ಒಕ್ಕೂಟವು ಒಬ್ಬ ಪುಟ್ಟ ಬಾಲಕನ ಚಿತ್ರವಿರುವ ಭಿತ್ತಿಪತ್ರವನ್ನು ಊರೂರಿನಲ್ಲಿ ಅಂಟಿಸಿತು. ಶನಿವಾರದ ದಿನ ಅಪ್ಪ ತನ್ನವನು ಎಂದು ಆ ಬಾಲಕ ಹೇಳುತ್ತಿದ್ದ. ಅದೇ ವರ್ಷ ಲೋಹ ಉದ್ಯಮದಲ್ಲಿ ವಾರದ ಕೆಲಸ 45 ಗಂಟೆಗಿಳಿಯಿತು. 1967ರ ವೇಳೆಗೆ 40 ಗಂಟೆಯಾಯಿತು. 1984ರ ದೀರ್ಘ ಮುಷ್ಕರದ ಫಲವಾಗಿ ಮತ್ತಷ್ಟು ಇಳಿಯುತ್ತಾ 1995ರಲ್ಲಿ 35 ಗಂಟೆಗೆ ಬಂದು ನಿಂತಿತು. ಅಂದರೆ ಯಾವ ಕಾಲವನ್ನು ಜಗತ್ತು ಜರ್ಮನಿಯ ಆರ್ಥಿಕ ಪವಾಡವೆಂದು ಕರೆಯಿತೋ ಅದೇ ಕಾಲದಲ್ಲಿ ಕಾರ್ಮಿಕನ ಗಂಟೆಗಳು ಏರಲಿಲ್ಲ, ಇಳಿದವು. ಇದಕ್ಕೆ ಮಾಲೀಕರ ಔದಾರ್ಯ ಕಾರಣವಲ್ಲ. ದುಡಿಯುವ ಕೈಗಳ ಅಭಾವವಿತ್ತು. 1955ರಲ್ಲಿ ಇಟಲಿಯಿಂದ, 1961ರಲ್ಲಿ ತುರ್ಕಿಯಿಂದ ಒಪ್ಪಂದದ ಮೂಲಕ ಕಾರ್ಮಿಕರನ್ನು ಕರೆಸಿಕೊಳ್ಳಬೇಕಾದಷ್ಟು ಅಭಾವ! ಕೈಗಳು ದುಬಾರಿಯಾದಾಗ ಮಾಲೀಕನು ಯಂತ್ರವನ್ನು ಕೊಳ್ಳುತ್ತಾನೆ. ಕೈಗಳು ಅಗ್ಗವಾಗಿರುವಲ್ಲಿ ಯಂತ್ರದ ಯೋಚನೆಯೇ ಅವನಿಗೆ ಬರುವುದಿಲ್ಲ.

ಶ್ರೀಮಂತ ರಾಷ್ಟ್ರಗಳ ಸಂಘಟನೆಯಾದ ಓಇಸಿಡಿಯ 2022ರ ಲೆಕ್ಕದಂತೆ ಜರ್ಮನಿಯ ದುಡಿಮೆಗಾರನು ವರ್ಷಕ್ಕೆ ಸರಾಸರಿ ಸುಮಾರು 1,340 ಗಂಟೆ ದುಡಿದರೆ ಅಮೇರಿಕದವನು ಸುಮಾರು 1,810 ಗಂಟೆ ದುಡಿಯುತ್ತಾನೆ. ಮೆಕ್ಸಿಕೋದಲ್ಲಿ ಇದು 2,200 ಗಂಟೆಗಳಿಗೂ ಹೆಚ್ಚು. ಗಂಟೆಗಳೇ ಸಂಪತ್ತನ್ನು ಸೃಷ್ಟಿಸುವುದಾದರೆ ಮೆಕ್ಸಿಕೋ ಜರ್ಮನಿಗೆ ಸಾಲ ಕೊಡಬೇಕಿತ್ತು. ಜರ್ಮನಿಯಲ್ಲಿ ಅರೆಕಾಲಿಕ ಕೆಲಸ ಮಾಡುವವರು, ವಿಶೇಷವಾಗಿ ಮಹಿಳೆಯರು, ಬಹಳಷ್ಟಿರುವುದರಿಂದ ಅಲ್ಲಿನ ಸರಾಸರಿ ತಗ್ಗಿದೆ ಎಂಬುದನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಆದರೆ ವರ್ಷಕ್ಕೆ ಕನಿಷ್ಠ ನಾಲ್ಕು ವಾರಗಳ ವೇತನ ಸಹಿತ ರಜೆ, ಕಾಯಿಲೆ ಬಿದ್ದರೆ ಆರು ವಾರಗಳ ತನಕ ಪೂರ್ಣ ವೇತನ ಅಲ್ಲಿ ಕಾನೂನಿನಿಂದ ದೊರೆತ ಹಕ್ಕುಗಳು. ಅಮೇರಿಕದ ಕೇಂದ್ರ ಕಾನೂನು ಖಾಸಗಿ ನೌಕರನಿಗೆ ವೇತನ ಸಹಿತ ವಾರ್ಷಿಕ ರಜೆಯನ್ನು ಒಂದು ದಿನವೂ ಕಡ್ಡಾಯಗೊಳಿಸಿಲ್ಲ.

ಕುತೂಹಲದ ಸಂಗತಿಯೆಂದರೆ, 1970ರ ಆಸುಪಾಸಿನಲ್ಲಿ ಜರ್ಮನ್ನರೂ ಫ್ರೆಂಚರೂ ಅಮೇರಿಕನ್ನರಷ್ಟೇ ದುಡಿಯುತ್ತಿದ್ದರು. ಮೂವತ್ತು ವರ್ಷಗಳಲ್ಲಿ ಒಂದು ಜನಾಂಗದ ರಕ್ತ ಬದಲಾಗುವುದಿಲ್ಲವಷ್ಟೇ? ಯುರೋಪಿನಲ್ಲಿ ತೆರಿಗೆ ಹೆಚ್ಚಾದುದೇ ಕಾರಣವೆಂದು 2004ರಲ್ಲಿ ನೊಬೆಲ್ ಪಡೆದ ಅರ್ಥಶಾಸ್ತ್ರಜ್ಞ ಎಡ್ವರ್ಡ್ ಪ್ರೆಸ್ಕಾಟ್ ವಾದಿಸಿದರು. ಅಲ್ಬರ್ಟೊ ಅಲೆಸಿನಾ ಮತ್ತು ಅವರ ಸಂಗಡಿಗರು 2005ರಲ್ಲಿ ಅದನ್ನು ಒಪ್ಪದೆ, ಕಾರ್ಮಿಕ ಸಂಘಗಳೂ ಕಾರ್ಮಿಕ ಕಾನೂನುಗಳೂ ಮುಖ್ಯ ಕಾರಣವೆಂದರು. ನಮಗೆ ಎರಡನೆಯ ವಾದವೇ ಹೆಚ್ಚು ಸಮಂಜಸವೆನಿಸುತ್ತದೆ. ಒಬ್ಬನೇ ವ್ಯಕ್ತಿ ತನ್ನ ಮಾಲೀಕನ ಬಳಿ ಹೋಗಿ, ವೇತನ ಸ್ವಲ್ಪ ಕಡಿಮೆ ಕೊಡಿ, ಆದರೆ ಆಗಸ್ಟ್ ತಿಂಗಳು ರಜೆ ಕೊಡಿ ಎಂದು ಕೇಳಲಾರ. ಅದನ್ನು ಎಲ್ಲರೂ ಸೇರಿಯೇ ಕೇಳಬೇಕು.

ಇನ್ನು ಜಪಾನ್. ಅತಿಯಾದ ದುಡಿಮೆಯಿಂದ ಸಂಭವಿಸುವ ಸಾವಿಗೆ ಆ ಭಾಷೆಯಲ್ಲಿ ‘ಕರೋಶಿ’ ಎಂಬ ಪದವೇ ಇದೆ. ಇದು ಅವರ ಸಂಸ್ಕೃತಿ ಎಂದು ಹೇಳಿ ಮುಗಿಸುವವರು ಬಹಳ. ಆದರೆ ಅಲ್ಲಿನ ಕಾನೂನನ್ನು ನೋಡಿ. 1947ರ ಕಾರ್ಮಿಕ ಕಾಯ್ದೆಯ 36ನೆಯ ವಿಧಿಯ ಪ್ರಕಾರ ಆಡಳಿತ ಮತ್ತು ಕಾರ್ಮಿಕ ಪ್ರತಿನಿಧಿಗಳು ಒಪ್ಪಂದ ಮಾಡಿಕೊಂಡರೆ ಮಿತಿಗಿಂತ ಹೆಚ್ಚು ದುಡಿಸಬಹುದಿತ್ತು. ಎಷ್ಟು ಹೆಚ್ಚು ಎಂಬುದಕ್ಕೆ ದಂಡನೆಯ ಭಯವಿರುವ ಗಡಿಯೇ ಇರಲಿಲ್ಲ. ಹೆಚ್ಚುವರಿ ದುಡಿಮೆಗೆ ಕೊಡಬೇಕಾದುದು ಶೇಕಡಾ 25ರಷ್ಟು ಅಧಿಕ ಮಾತ್ರ. ಒಮ್ಮೆ ಸೇರಿಸಿಕೊಂಡವನನ್ನು ನಿವೃತ್ತಿಯ ತನಕ ಇಟ್ಟುಕೊಳ್ಳುವ ಪದ್ಧತಿ ದೊಡ್ಡ ಕಂಪೆನಿಗಳಲ್ಲಿ ಇದ್ದುದರಿಂದ ಹೊಸಬನನ್ನು ನೇಮಿಸುವುದಕ್ಕಿಂತ ಇರುವವನನ್ನೇ ರಾತ್ರಿಯವರೆಗೆ ಕೂರಿಸುವುದು ಲಾಭಕರವಾಯಿತು. 2015ರ ಡಿಸೆಂಬರ್‌ನಲ್ಲಿ ಜಾಹೀರಾತು ಸಂಸ್ಥೆಯೊಂದರ 24 ವರ್ಷದ ಉದ್ಯೋಗಿಯೊಬ್ಬಳು ಆತ್ಮಹತ್ಯೆ ಮಾಡಿಕೊಂಡಳು. ಅತಿ ದುಡಿಮೆಯೇ ಆ ಸಾವಿಗೆ ಕಾರಣವೆಂದು ಸರಕಾರಿ ಇಲಾಖೆಯೇ ಒಪ್ಪಿದಾಗ ದೇಶವೇ ನಡುಗಿತು. 2018ರ ಕಾನೂನು ಹೆಚ್ಚುವರಿ ದುಡಿಮೆಗೆ ತಿಂಗಳಿಗೆ 45 ಗಂಟೆ, ವರ್ಷಕ್ಕೆ 360 ಗಂಟೆಯ ಮಿತಿಯನ್ನು ಹಾಕಿತು. ತೀರಾ ತುರ್ತಿದ್ದರೂ ತಿಂಗಳಿಗೆ ನೂರು ಗಂಟೆ ಮುಟ್ಟಬಾರದು. ಮೂರ್ತಿಯವರು ಮಾದರಿಯೆಂದು ತೋರಿಸಿದ ದೇಶ ತಾನು ನಡೆದ ದಾರಿಯಿಂದಲೇ ಹಿಂದಿರುಗುತ್ತಿದೆ.

ಇಲ್ಲಿ ಅಡಗಿರುವ ಸೂತ್ರವನ್ನು ಸರಳವಾಗಿ ಹೀಗೆ ಹೇಳಬಹುದು. ಮಾಲೀಕನಿಗೆ ಒಂಬತ್ತನೆಯ ಗಂಟೆಯು ಎಂಟನೆಯ ಗಂಟೆಗಿಂತ ಬಹಳ ದುಬಾರಿಯಾದರೆ ಅವನು ಹೊಸಬನನ್ನು ನೇಮಿಸುತ್ತಾನೆ. ಒಂಬತ್ತನೆಯ ಗಂಟೆ ಅಗ್ಗವಾದರೆ ಇರುವವನನ್ನೇ ಹಿಂಡುತ್ತಾನೆ. ಗಂಟೆಗೆ ಬೆಲೆಯೇ ಇಲ್ಲದಿದ್ದರೆ ಹಿಂಡುವುದಕ್ಕೆ ಕೊನೆಯೇ ಇರುವುದಿಲ್ಲ.

ಹಾಗಾದರೆ ನಮ್ಮ ದೇಶದ ಸ್ಥಿತಿಯೇನು? ಕಾಗದದಲ್ಲಿ ನಾವು ಜಪಾನಿಗಿಂತ ಮುಂದಿದ್ದೆವು! 1948ರ ಕಾರ್ಖಾನೆ ಕಾಯ್ದೆ ವಾರಕ್ಕೆ 48 ಗಂಟೆಯ ಮಿತಿ ಹಾಕಿ, ಹೆಚ್ಚುವರಿ ದುಡಿಮೆಗೆ ಎರಡು ಪಟ್ಟು ವೇತನ ಕೊಡಬೇಕೆಂದಿತು. ಅದೂ ಭತ್ಯೆಗಳನ್ನು ಸೇರಿಸಿದ ವೇತನದ ಎರಡು ಪಟ್ಟು. ವಿಪರ್ಯಾಸವೆಂದರೆ ನಮ್ಮ ದುಡಿಯುವ ಜನರಲ್ಲಿ ಬಹುದೊಡ್ಡ ಪಾಲು ಕಾರ್ಖಾನೆಯ ಗೇಟಿನೊಳಗೆ ಇಲ್ಲವೇ ಇಲ್ಲ. 2023ರಲ್ಲಿ ಕರ್ನಾಟಕ ಸರಕಾರ ಈ ಕಾಯ್ದೆಗೆ ತಿದ್ದುಪಡಿ ತಂದು, ಕಾರ್ಮಿಕನ ಲಿಖಿತ ಒಪ್ಪಿಗೆಯಿದ್ದರೆ ದಿನಕ್ಕೆ 12 ಗಂಟೆ ದುಡಿಸಲು ಅವಕಾಶವಿತ್ತಿತು. ಮೂರು ತಿಂಗಳ ಹೆಚ್ಚುವರಿ ದುಡಿಮೆಯ ಮಿತಿಯನ್ನು 75 ಗಂಟೆಗಿಂತ ಬಹಳಷ್ಟು ಮೇಲಕ್ಕೇರಿಸಿತು. ಲಿಖಿತ ಒಪ್ಪಿಗೆ! ಬೆಳಗ್ಗೆ ಗೇಟಿನ ಹೊರಗೆ ಕೆಲಸ ಕೇಳುತ್ತಾ ಇನ್ನೂ ಐವತ್ತು ಮಂದಿ ನಿಂತಿರುವಾಗ ಒಳಗಿನವನು ಸಹಿ ಹಾಕದಿರುವನೇ?

ಗೇಟಿನ ಹೊರಗಿನವರ ಕತೆ ನಮ್ಮ ಕರಾವಳಿಯ ಮನೆ ಮನೆಗೂ ಗೊತ್ತಿದೆ. ನಮ್ಮ ತಾಯಂದಿರು ಬೀಡಿ ಸುತ್ತಿ ನಮ್ಮನ್ನು ಸಾಕಿದ್ದಾರೆ. ಅವರಿಗೆ ಗಂಟೆಯ ಲೆಕ್ಕವಿಲ್ಲ, ಸಾವಿರ ಬೀಡಿಯ ಲೆಕ್ಕ ಮಾತ್ರ. ಅಡುಗೆ, ಮಕ್ಕಳು, ಅತ್ತೆ ಮಾವಂದಿರ ಆರೈಕೆಯ ನಡುವೆ ಮಡಿಲಿನಲ್ಲಿ ಬೀಡಿಯ ತಟ್ಟೆ ಇದ್ದೇ ಇರುತ್ತದೆ. ಬ್ರಾಂಚ್‌ಗೆ ಒಯ್ದಾಗ ಕಳಪೆಯೆಂದು ಪಕ್ಕಕ್ಕೆ ತೆಗೆದಿಟ್ಟ ಬೀಡಿಗೆ ಮಜೂರಿಯಿಲ್ಲ. ಅದನ್ನು ಸುತ್ತಲು ಹಿಡಿದ ಹೊತ್ತಿಗೆ ಬೆಲೆಯೂ ಇಲ್ಲ. 1966ರಲ್ಲೇ ಬೀಡಿ ಕಾರ್ಮಿಕರಿಗಾಗಿ ಕಾಯ್ದೆ ಬಂತೆಂಬುದು ನಿಜ. ಆದರೆ ಮನೆಯ ಜಗಲಿಯಲ್ಲಿ ಕುಳಿತವಳ ಒಂಬತ್ತನೆಯ ಗಂಟೆಯನ್ನು ಎಣಿಸುವವರಾರು? ಇಂದು ಬೆಂಗಳೂರಿನಲ್ಲಿ ಬೈಕಿನಲ್ಲಿ ಊಟ ತಲುಪಿಸುವ ಅವಳ ಮೊಮ್ಮಗನ ಸ್ಥಿತಿಯೂ ಬೇರೆಯಲ್ಲ. ಇಷ್ಟು ಆರ್ಡರ್ ಮುಗಿಸಿದರೆ ಇಷ್ಟು ಇನ್ಸೆಂಟಿವ್, ಒಂದು ಕಡಿಮೆಯಾದರೂ ಅದು ಇಲ್ಲ ಎಂಬ ಲೆಕ್ಕದಲ್ಲಿ ಅವನು ಮಧ್ಯರಾತ್ರಿಯ ತನಕ ರಸ್ತೆಯಲ್ಲಿರುತ್ತಾನೆ. ಹೀಗೆ ದುಡಿಯುವವನಿಗೆ ಮೇಸ್ತ್ರಿಯ ಬೈಗುಳ ಬೇಕಾಗುವುದಿಲ್ಲ. ತನ್ನನ್ನು ತಾನೇ ಅಟ್ಟಿಕೊಳ್ಳುತ್ತಾನೆ. ಇಂಥವರಿಗಾಗಿ 2025ರಲ್ಲಿ ಕರ್ನಾಟಕ ಒಂದು ಕಾಯ್ದೆ ಮಾಡಿದೆ. ಪ್ರತಿ ವ್ಯವಹಾರದ ಮೇಲೆ ಶೇಕಡಾ ಒಂದರಿಂದ ಐದರವರೆಗೆ ಕಲ್ಯಾಣ ಶುಲ್ಕವನ್ನು ಕಂಪೆನಿಯಿಂದ ಪಡೆಯುವ ಏರ್ಪಾಡು ಅದರಲ್ಲಿದೆ. ಸ್ವಾಗತಾರ್ಹ ಆರಂಭವೆನ್ನೋಣ.

ಗಂಟೆಯ ಬೆಲೆಯನ್ನು ನಿರ್ಧರಿಸುವ ಇನ್ನೊಂದು ಶಕ್ತಿಯಿದೆ. ಅದು ಕೆಲಸವನ್ನು ಬಿಟ್ಟು ಹೋಗುವ ಹಕ್ಕು. ನೀವೆಲ್ಲ ಹೊರಟಿರುವ ದೇಶಗಳ ದೃಷ್ಟಿಯಿಂದ ಇದು ಎಲ್ಲಕ್ಕಿಂತ ಮುಖ್ಯವಾದುದು.

ಅಮೇರಿಕದ ಹೆನ್ರಿ ಫೋರ್ಡ್‌ನ ಪ್ರಕರಣ ಇದಕ್ಕೆ ಒಳ್ಳೆಯ ಉದಾಹರಣೆ. 1914ರ ಜನವರಿಯಲ್ಲಿ ಅವನು ದಿನಕ್ಕೆ ಐದು ಡಾಲರ್ ವೇತನವನ್ನು ಘೋಷಿಸಿ, ಕೆಲಸವನ್ನು ಒಂಬತ್ತು ಗಂಟೆಯಿಂದ ಎಂಟಕ್ಕಿಳಿಸಿದ. ಜಗತ್ತು ಅವನನ್ನು ಮಹಾ ದಾನಿಯೆಂದಿತು. ನಿಜ ಸಂಗತಿ ಏನೆಂದರೆ, ಅದರ ಹಿಂದಿನ ವರ್ಷ ಚಲಿಸುವ ಜೋಡಣಾ ಸಾಲು ಬಂದ ಮೇಲೆ ಆ ಬೇಸರದ ಕೆಲಸವನ್ನು ತಾಳಲಾರದೆ ಜನ ಬಿಟ್ಟು ಹೋಗುತ್ತಿದ್ದರು. ಸುಮಾರು 14 ಸಾವಿರ ಮಂದಿಯ ಸ್ಥಾನವನ್ನು ತುಂಬಿಸಿಡಲು ಒಂದೇ ವರ್ಷದಲ್ಲಿ 50 ಸಾವಿರಕ್ಕೂ ಹೆಚ್ಚು ಮಂದಿಯನ್ನು ನೇಮಿಸಬೇಕಾಯಿತು. ಹೋಗುವವರನ್ನು ಹಿಡಿದಿಡಲು ಅವನಿಗೆ ವೇತನವಲ್ಲದೆ ಬೇರೆ ಸಾಧನವಿರಲಿಲ್ಲ. ಆ ಐದು ಡಾಲರಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ‘ಲಾಭಾಂಶ’ದ ಹೆಸರಿನಲ್ಲಿತ್ತು, ಅದನ್ನು ಪಡೆಯಬೇಕಾದರೆ ಕಂಪೆನಿಯ ತನಿಖಾಧಿಕಾರಿಗಳು ಮನೆಗೆ ಬಂದು ಕಾರ್ಮಿಕನ ಜೀವನ ಕ್ರಮಕ್ಕೆ ಒಪ್ಪಿಗೆಯ ಮುದ್ರೆ ಒತ್ತಬೇಕಿತ್ತು ಎಂಬುದನ್ನು ಅವನ ಹೊಗಳಿಕೆಯ ಬರಹಗಳು ಹೆಚ್ಚಾಗಿ ಹೇಳುವುದಿಲ್ಲ.

ಅದೇ ಅಮೇರಿಕದಲ್ಲಿ ಇಂದು ಬಿಟ್ಟು ಹೋಗುವುದು ಸುಲಭವಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ವೇತನ ಏರಿಸಲು ನಿರ್ಬಂಧವಿದ್ದುದರಿಂದ ಕಂಪೆನಿಗಳು ಆರೋಗ್ಯ ವಿಮೆಯ ಆಮಿಷವೊಡ್ಡತೊಡಗಿದವು. ಅದೇ ಪದ್ಧತಿ ಬೇರೂರಿ, ಕೆಲಸ ಹೋದರೆ ಕಂಪೆನಿ ಕೊಡುತ್ತಿದ್ದ ಆಸ್ಪತ್ರೆಯ ರಕ್ಷಣೆಯೂ ಹೋಗುವ ಸ್ಥಿತಿ ಬಂದಿದೆ. ಬೆಂಗಳೂರಿನಿಂದ ಎಚ್-1ಬಿ ವೀಸಾದಲ್ಲಿ ಹೋದ ಎಂಜಿನಿಯರನಿಗೆ ಇನ್ನೂ ಒಂದು ಹಗ್ಗವಿದೆ. ಕೆಲಸ ಕಳೆದುಕೊಂಡರೆ ಸಾಮಾನ್ಯವಾಗಿ 60 ದಿನಗಳೊಳಗೆ ಹೊಸ ಮಾಲೀಕನನ್ನು ಹುಡುಕಬೇಕು, ಇಲ್ಲವೇ ದೇಶ ಬಿಡಬೇಕು. ಸಂಜೆ ಏಳಕ್ಕೆ ಬಂದ ಮೇಲಧಿಕಾರಿಯ ಕರೆಯನ್ನು ಅವನೇಕೆ ತಿರಸ್ಕರಿಸುವುದಿಲ್ಲ ಎಂಬುದು ಈಗ ನಿಮಗೆ ಅರ್ಥವಾಗಿರಬಹುದು. ವರ್ಷಕ್ಕೆ ಲಕ್ಷ ಡಾಲರಿನ ಸಂಬಳವೂ ಆ 60 ದಿನಗಳ ಭಯವನ್ನು ಹೋಗಲಾಡಿಸುವುದಿಲ್ಲ.

ಕೊಲ್ಲಿ ರಾಷ್ಟ್ರಗಳಲ್ಲಿ ಈ ಹಗ್ಗದ ಹೆಸರು ‘ಕಫಾಲ’. ಮದ್ರಸದಲ್ಲಿ ಕಲಿತವರಿಗೆ ಈ ಪದ ಹೊಸತಲ್ಲ. ಕರ್ಮಶಾಸ್ತ್ರದಲ್ಲಿ ಕಫೀಲ್ ಎಂದರೆ ಇನ್ನೊಬ್ಬನ ಸಾಲಕ್ಕೋ ಹೊಣೆಗೋ ತಾನು ಜಾಮೀನು ನಿಂತವನು, ಇನ್ನೊಬ್ಬನ ಭಾರವನ್ನು ತನ್ನ ಹೆಗಲ ಮೇಲೆ ಹೊತ್ತವನು. ವೀಸಾದ ವ್ಯವಸ್ಥೆಯಲ್ಲಿ ಅದೇ ಪದ ಇನ್ನೊಬ್ಬನ ಹೆಗಲ ಮೇಲೆ ಕುಳಿತವನಿಗೆ ಅನ್ವಯವಾಯಿತು! ಬದಲಾವಣೆ ಆಗಿಲ್ಲವೆಂದಲ್ಲ. ಮಾಲೀಕನ ಅನುಮತಿಯಿಲ್ಲದೆ ಕೆಲಸ ಬದಲಾಯಿಸಲು ಕತಾರ್ 2020ರಲ್ಲಿ ಅವಕಾಶವಿತ್ತಿತು. 2021ರ ಮಾರ್ಚ್‌ನಿಂದ ಅಲ್ಲಿ ದೇಶಭೇದವಿಲ್ಲದೆ ತಿಂಗಳಿಗೆ 1,000 ರಿಯಾಲ್ ಕನಿಷ್ಠ ವೇತನವಿದೆ. ಮಾಲೀಕನು ವಸತಿ ಕೊಡದಿದ್ದರೆ 500, ಊಟ ಕೊಡದಿದ್ದರೆ 300 ರಿಯಾಲ್ ಬೇರೆ. ಸೌದಿ ಅರೇಬಿಯ 2021ರಲ್ಲಿ ಒಂದು ವರ್ಷ ದುಡಿದವನು ಬೇರೆಡೆ ಹೋಗಬಹುದೆಂದಿತು. ಆದರೆ ಮನೆಗೆಲಸದವರು, ಮನೆಯ ಚಾಲಕರು, ತೋಟದವರು, ಕುರಿ ಕಾಯುವವರು ಆ ಸುಧಾರಣೆಯ ಹೊರಗುಳಿದರು. ಇಲ್ಲಿ ಹೌಸ್ ಡ್ರೈವರ್ ವೀಸಾ ಪಡೆದವರು ಎಷ್ಟು ಮಂದಿಯಿದ್ದೀರೋ ಅವರು ಇದನ್ನು ಗಮನಿಸಿ. 2013ರ ಸೌದಿ ನಿಯಮವು ಮನೆಗೆಲಸದವನಿಗೆ ದಿನಕ್ಕೆ ಕನಿಷ್ಠ ಒಂಬತ್ತು ಗಂಟೆಯ ವಿಶ್ರಾಂತಿಯನ್ನು ಕೊಟ್ಟಿತ್ತು. ಉಳಿದ 15 ಗಂಟೆ ಯಾರದೆಂದು ಬೇರೆ ಹೇಳಬೇಕೇ? 2024ರ ಹೊಸ ನಿಯಮ ದುಡಿಮೆಯನ್ನು ಹತ್ತು ಗಂಟೆಗೆ ಮಿತಿಗೊಳಿಸಿದೆ.

ಈಗ ಸಂಬಳದ ಲೆಕ್ಕಕ್ಕೆ ಬರೋಣ. ಯುಎಇಯ ಕಾನೂನು ದಿನಕ್ಕೆ ಎಂಟು, ವಾರಕ್ಕೆ 48 ಗಂಟೆ ಎನ್ನುತ್ತದೆ. ರಮಝಾನಿನಲ್ಲಿ ಎರಡು ಗಂಟೆ ಕಡಿಮೆ. ಜೂನ್ 15ರಿಂದ ಸೆಪ್ಟೆಂಬರ್ 15ರ ತನಕ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ಬಿಸಿಲಿನಲ್ಲಿ ದುಡಿಸುವಂತಿಲ್ಲ. ಹೆಚ್ಚುವರಿ ದುಡಿಮೆಗೆ ಶೇಕಡಾ 25 ಅಧಿಕ, ರಾತ್ರಿ ಹತ್ತರಿಂದ ಬೆಳಗಿನ ಜಾವ ನಾಲ್ಕರವರೆಗಾದರೆ ಶೇಕಡಾ 50. ಕೇಳಲು ಚೆನ್ನಾಗಿದೆ. ಆದರೆ ಯಾವುದರ ಮೇಲೆ ಶೇಕಡಾ 25? ಮೂಲ ವೇತನದ ಮೇಲೆ, ಅಂದರೆ ನೀವು ‘ಬೇಸಿಕ್’ ಎನ್ನುತ್ತೀರಲ್ಲ, ಅದರ ಮೇಲೆ ಮಾತ್ರ. ಒಟ್ಟು ಸಂಬಳದಲ್ಲಿ ಬೇಸಿಕ್ ಇಷ್ಟಿರಲೇಬೇಕೆಂದು ಅಲ್ಲಿನ ಕಾನೂನು ಹೇಳುವುದಿಲ್ಲ.

ಉದಾಹರಣೆಗಾಗಿ, ತಲಾ ಎರಡು ಸಾವಿರ ದಿರ್ಹಮ್ ಸಂಬಳದ ಇಬ್ಬರನ್ನು ತೆಗೆದುಕೊಳ್ಳೋಣ. ಒಬ್ಬನ ಬೇಸಿಕ್ 1,600, ಭತ್ಯೆ 400. ಇನ್ನೊಬ್ಬನ ಬೇಸಿಕ್ 800, ಭತ್ಯೆ 1,200. ತಿಂಗಳಿಗೆ ಇಬ್ಬರ ಕೈಗೂ ಬರುವುದು ಒಂದೇ ಮೊತ್ತ; ಊರಿಗೆ ಫೋನ್ ಮಾಡಿ ಹೇಳುವ ಸಂಬಳವೂ ಒಂದೇ. ತಿಂಗಳಿಗೆ 240 ಗಂಟೆಯಂತೆ ಲೆಕ್ಕ ಹಾಕಿದರೆ ಹೆಚ್ಚುವರಿ ಒಂದು ಗಂಟೆಗೆ ಮೊದಲನೆಯವನಿಗೆ ಸುಮಾರು 8 ದಿರ್ಹಮ್ 33 ಫಿಲ್ಸ್ ಸಿಗುತ್ತದೆ. ಎರಡನೆಯವನಿಗೆ 4 ದಿರ್ಹಮ್ 17 ಫಿಲ್ಸ್. ಇಬ್ಬರ ಸಾಮಾನ್ಯ ಗಂಟೆಯ ಬೆಲೆಯೂ, ಒಟ್ಟು ಸಂಬಳದ ಮೇಲೆ ಎಣಿಸಿದರೆ, 8 ದಿರ್ಹಮ್ 33 ಫಿಲ್ಸ್ ಆಗುತ್ತದೆ. ಅಂದರೆ ಎರಡನೆಯವನ ಒಂಬತ್ತನೆಯ ಗಂಟೆ ಅವನ ಎಂಟನೆಯ ಗಂಟೆಯ ಅರ್ಧ ಬೆಲೆಗೆ ಮಾರಾಟವಾಗುತ್ತಿದೆ! ಹೊಸಬನನ್ನು ತರಿಸಿದರೆ ವೀಸಾ, ಟಿಕೇಟು, ಕೊಠಡಿಯ ಖರ್ಚುಂಟು. ಅರ್ಧ ಬೆಲೆಗೆ ಗಂಟೆ ಸಿಗುವಾಗ ಆ ಗೊಡವೆಗೆ ಯಾವ ಮಾಲೀಕ ಹೋಗುತ್ತಾನೆ? ದುಬೈ ತಲುಪಿದ ಸೋಮಾರಿ ಏಕಾಏಕಿ ಶ್ರಮಜೀವಿಯಾದ ರಹಸ್ಯ ಇದೇ. ಐದು ವರ್ಷ ದುಡಿದು ಹಿಂದಿರುಗುವಾಗ ಸಿಗುವ ಗ್ರಾಚ್ಯುಟಿಯೂ ವರ್ಷಕ್ಕೆ 21 ದಿನಗಳ ಬೇಸಿಕ್‌ನ ಲೆಕ್ಕದಲ್ಲೇ. ಮೊದಲನೆಯವನಿಗೆ 5,600 ದಿರ್ಹಮ್, ಎರಡನೆಯವನಿಗೆ 2,800.

ಈ ಕೈಚಳಕ ನಮ್ಮ ದೇಶದ ಕಂಪೆನಿಗಳಿಗೂ ಚೆನ್ನಾಗಿ ಗೊತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ಇದಕ್ಕೊಂದು ತಡೆ ಹಾಕಿವೆ. ಭತ್ಯೆಗಳು ಒಟ್ಟು ಮೊತ್ತದ ಅರ್ಧವನ್ನು ಮೀರಿದರೆ ಮೀರಿದ ಭಾಗವನ್ನು ವೇತನವೆಂದೇ ಎಣಿಸಬೇಕು. ಒಳ್ಳೆಯದೇ. ಆದರೆ ಅದೇ ಸಂಹಿತೆಗಳು, ಸರಕಾರದ ಅನುಮತಿಯಿಲ್ಲದೆ ಕೆಲಸಗಾರರನ್ನು ಕಿತ್ತುಹಾಕುವ ಸ್ವಾತಂತ್ರ್ಯವನ್ನು ನೂರಕ್ಕಿಂತ ಕಡಿಮೆ ಮಂದಿಯಿರುವ ಕಾರ್ಖಾನೆಗಳಿಂದ ಮುನ್ನೂರಕ್ಕಿಂತ ಕಡಿಮೆ ಮಂದಿಯಿರುವ ಕಾರ್ಖಾನೆಗಳ ತನಕ ವಿಸ್ತರಿಸಿವೆ. ಒಂದು ಕೈಯಿಂದ ಲೆಕ್ಕವನ್ನು ಸರಿಪಡಿಸಿ ಇನ್ನೊಂದು ಕೈಯಿಂದ ಲೆಕ್ಕ ಕೇಳುವವನ ಧೈರ್ಯವನ್ನು ಕಸಿದುಕೊಂಡಂತಾಯಿತು.

ವಿದೇಶದಲ್ಲಿರುವ ನಮ್ಮವರ ಗಂಟೆಗೆ ನಮ್ಮ ಸರಕಾರವೇ ಬೆಲೆ ಇಳಿಸಿದ ಉದಾಹರಣೆಯೂ ಇದೆ. ಕೊಲ್ಲಿಗೆ ಹೋಗುವವರಿಗೆ ಇಂತಿಷ್ಟಕ್ಕಿಂತ ಕಡಿಮೆ ವೇತನದ ಒಪ್ಪಂದವಾಗಬಾರದೆಂದು ಭಾರತ ಸರಕಾರ ನಿಗದಿಪಡಿಸಿದ ದರಗಳಿವೆ. 2020ರ ಸೆಪ್ಟೆಂಬರ್‌ನಲ್ಲಿ, ಕೊರೋನಾದಿಂದ ಸಾವಿರಾರು ಮಂದಿ ಬರಿಗೈಯಲ್ಲಿ ಮರಳುತ್ತಿದ್ದಾಗ, ಆ ದರಗಳನ್ನು ಶೇಕಡಾ 30ರಿಂದ 50ರಷ್ಟು ಇಳಿಸಲಾಯಿತು. ಕೆಲಸಗಳು ಬೇರೆ ದೇಶದವರ ಪಾಲಾಗದಿರಲೆಂಬುದು ಕೊಟ್ಟ ಕಾರಣ. ವಲಸೆ ಕಾರ್ಮಿಕರ ಪರವಾಗಿರುವವರು ತೆಲಂಗಾಣದ ಹೈಕೋರ್ಟಿನ ಮೆಟ್ಟಿಲೇರಿದರು. 2021ರಲ್ಲಿ ಆ ಆದೇಶ ವಾಪಸಾಯಿತು. ಈ ಸುದ್ದಿ ನಮ್ಮ ಊರುಗಳಲ್ಲಿ ಎಷ್ಟು ಮಂದಿಗೆ ತಲುಪಿತ್ತು? ಕ್ರಿಕೆಟ್ ಸ್ಕೋರು ತಲುಪಿದಷ್ಟಂತೂ ಅಲ್ಲ.

ಸಮಯ ಮೀರಿತೆಂದು ಅಧ್ಯಕ್ಷರು ಗಡಿಯಾರ ತೋರಿಸುತ್ತಿದ್ದಾರೆ. ಒಂದು ವಿಷಯ ಉಳಿದಿದೆ. ಸೌದಿಯ ಒಪ್ಪಂದ ಪತ್ರದಲ್ಲಿ ಅರಬಿ ಮತ್ತು ಇಂಗ್ಲಿಷ್ ಎರಡೂ ಇರಬಹುದು. ವ್ಯತ್ಯಾಸ ಬಂದರೆ ಅಲ್ಲಿನ ಕಾನೂನು ಮಾನ್ಯ ಮಾಡುವುದು ಅರಬಿಯನ್ನು. ಅದರಲ್ಲಿ ‘ಅಲ್ ಅಜ್ರುಲ್ ಅಸಾಸಿ’ ಎಂಬ ಸಾಲನ್ನು ಹುಡುಕಿ. ಪುಣ್ಯಕಾರ್ಯಕ್ಕೆ ಸಿಗುವ ಪ್ರತಿಫಲವೆಂದು ನಾವೆಲ್ಲ ಚಿಕ್ಕಂದಿನಿಂದ ಕೇಳಿದ ಅದೇ ‘ಅಜ್ರ್’ ಇಲ್ಲಿ ಕೂಲಿಯಾಗಿದೆ. ಆ ಸಾಲಿನ ಮುಂದಿರುವ ಅಂಕಿಯೇ ನಿಮ್ಮ ಬೇಸಿಕ್. ಮುಂಬೈಯ ಏಜೆಂಟ್ ಬಾಯಿಯಲ್ಲಿ ಹೇಳಿದ ಅಂಕಿಯಲ್ಲ. ಒಪ್ಪಂದದ ಪ್ರತಿಯನ್ನು ಜೊತೆಗೆ ತಂದಿರುವವರು ಚಹಾದ ಬಳಿಕ ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳಿ. ಅರಬಿ ಭಾಗವನ್ನು ಒಟ್ಟಿಗೆ ಓದೋಣ.